ಸಮ್ ಬಂದಾಗ ವೇದಿಕೆಗೆ ಬೆನ್ನು: ಪುಣೆಯ ಸಂಗೀತೋತ್ಸವದಲ್ಲಿ ಡಾಕ್ಯುಮೆಂಟರಿ ಫೋಟೊಗ್ರಫಿಯ ಒಂದು ಖಾಸಗಿ ಪಾಠ

ಮೊದಲ ಸಂಜೆ ಮುಗಿದಾಗ ವಿದ್ಯಾರ್ಥಿನಿಯ ಕ್ಯಾಮೆರಾ ಕಾರ್ಡಿನಲ್ಲಿ 1,400 ಫ್ರೇಮುಗಳಿದ್ದವು. ಅರ್ಧದಷ್ಟು ಸ್ಫುಟವಾಗಿಯೇ ಬಂದಿದ್ದವು. ಆದರೆ ಯಾವ ಫ್ರೇಮನ್ನು ಎತ್ತಿಕೊಂಡರೂ ಇದು ಪುಣೆಯೋ ಧಾರವಾಡವೋ, ಎದುರಿಗೆ ಕೂತವರು ಹತ್ತು ಜನವೋ ಐನೂರು ಜನವೋ ಗೊತ್ತಾಗುತ್ತಿರಲಿಲ್ಲ. ಕಪ್ಪು ಪರದೆ, ಬಾಯಿ ತೆರೆದ ಗಾಯಕರು, ಮುಖಕ್ಕೆ ಅಡ್ಡ ನಿಂತ ಮೈಕು. ಎರಡನೆಯ ಸಂಜೆಗೆ ಇದೇ ವಿದ್ಯಾರ್ಥಿನಿ, ಹೆಚ್ಚುಕಡಿಮೆ ಇದೇ ಕ್ಯಾಮೆರಾದಿಂದ 300 ಚಿಲ್ಲರೆ ಫ್ರೇಮು ತೆಗೆದು, ಅದರಲ್ಲಿ 18 ಚಿತ್ರಗಳ ಒಂದು ಸರಣಿ ಕಟ್ಟಿದರು. ನಡುವೆ ಏನಾಯಿತು ಎಂಬುದೇ ಈ ಪ್ರಕರಣ.

ವಿದ್ಯಾರ್ಥಿನಿ ಗದಗ ಕಡೆಯವರು, ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಕಲಿಸಿದವರು ಪತ್ರಿಕೆಗಳಿಗೆ ಬಹುಕಾಲ ಚಿತ್ರ ತೆಗೆದು, ಈಗ ಮನೆಯಲ್ಲೇ ಒಬ್ಬಿಬ್ಬರಿಗೆ ಪಾಠ ಹೇಳುವ ಕನ್ನಡಿಗರು. ಸಂದರ್ಭ, ಕೋಥರೂಡ್ ಕಡೆಯ ಶಾಲಾ ಮೈದಾನವೊಂದರ ಪೆಂಡಾಲಿನಲ್ಲಿ ಕನ್ನಡದವರೇ ಸೇರಿ ಜನವರಿಯಲ್ಲಿ ನಡೆಸಿದ ಎರಡು ಸಂಜೆಗಳ ಹಿಂದೂಸ್ತಾನಿ ಸಂಗೀತೋತ್ಸವ. ಕೈಯಲ್ಲಿದ್ದದ್ದು 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಮಿರರ್‌ಲೆಸ್, ಅದರ ಜೊತೆಗೇ ಬಂದ ಜೂಮ್ ಲೆನ್ಸ್, 85 ಮಿ.ಮೀ. ಎಫ್ 1.8 ಲೆನ್ಸ್ (ಎಫ್ ಎಂದರೆ ಲೆನ್ಸಿನ ಕಿಂಡಿಯ ಅಳತೆ; ಅಂಕಿ ಚಿಕ್ಕದಾದಷ್ಟೂ ಹೆಚ್ಚು ಬೆಳಕು). ಎರಡನೆಯ ಸಂಜೆಗೆ ಗುರುಗಳ 35 ಮಿ.ಮೀ. ಎಫ್ 1.8 ಎರವಲು.

ಪುಣೆಯಲ್ಲಿ ಸಂಗೀತೋತ್ಸವ ಎಂದರೆ ಎಲ್ಲರ ಬಾಯಿಗೂ ಮೊದಲು ಬರುವುದು ಸವಾಯಿ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ್ದು. ಬಹುಕಾಲ ರಮಣಬಾಗ್ ಶಾಲೆಯ ಅಂಗಳದಲ್ಲಿ ನಡೆದು 2018ರಲ್ಲಿ ಮುಕುಂದನಗರಕ್ಕೆ ಹೋಯಿತು. ವಿದ್ಯಾರ್ಥಿನಿಗೂ ಅಲ್ಲೇ ಕಲಿಯುವ ಆಸೆ. ಗುರುಗಳು ಒಪ್ಪಲಿಲ್ಲ. ಅಷ್ಟು ದೊಡ್ಡ ಉತ್ಸವದಲ್ಲಿ ಪಾಸ್ ಇಲ್ಲದವರು ವೇದಿಕೆಯ ಹತ್ತಿರ ಸುಳಿಯಲಾಗದು. ಪಾಸ್ ಸಿಕ್ಕರೂ ಹತ್ತಾರು ಪತ್ರಿಕಾ ಛಾಯಾಗ್ರಾಹಕರ ನಡುವೆ ಒಂದೇ ಕೋನಕ್ಕೆ ಕಟ್ಟುಬಿದ್ದು, ಅವರೆಲ್ಲ ತೆಗೆಯುವ ಚಿತ್ರವನ್ನೇ ತೆಗೆದು ಬರಬೇಕಾಗುತ್ತದೆ. ಅಲ್ಲಿಗೆ ಡಿಸೆಂಬರಿನಲ್ಲಿ ಕ್ಯಾಮೆರಾ ಮನೆಯಲ್ಲಿಟ್ಟು ಕೇಳುಗರಾಗಿ ಹೋಗಿ ಬನ್ನಿ, ತೆಗೆಯುವುದು ಚಿಕ್ಕ ಉತ್ಸವದಲ್ಲಿ, ಎಂದು ನಿಶ್ಚಯವಾಯಿತು. ಈ ಆಯ್ಕೆ ಸರಿ ಎಂದೇ ನಮ್ಮ ಎಣಿಕೆ. ಕಲಾವಿದರು ಸಿದ್ಧರಾಗುವ ಗ್ರೀನ್ ರೂಮಿನ ಬಾಗಿಲು ತೆರೆಯುವುದು ಚಿಕ್ಕ ಉತ್ಸವಗಳಲ್ಲೇ.

ಒಪ್ಪಂದ

ಒಟ್ಟು ಆರು ಬೈಠಕ್. ಉತ್ಸವಕ್ಕೆ ಮೊದಲು ಎರಡು, ಎರಡು ಸಂಜೆಗಳ ನಡುವಿನ ಬೆಳಗ್ಗೆ ಒಂದು, ಮುಗಿದ ಮೇಲೆ ಆಯ್ಕೆ, ಜೋಡಣೆ, ಅಡಿಬರಹಕ್ಕೆ ಮೂರು. ಪೆಂಡಾಲಿನಲ್ಲಿ ಗುರುಗಳು ಪಕ್ಕದಲ್ಲಿ ನಿಲ್ಲುವುದಿಲ್ಲ ಎಂಬುದು ಮೊದಲ ಷರತ್ತು. ಖಾಸಗಿ ಪಾಠಕ್ಕೆ ಹಣ ಕೊಡುವವರಲ್ಲಿ ಹೆಚ್ಚಿನವರು ಬಯಸುವುದು ಇದರ ತದ್ವಿರುದ್ಧ: ಗುರು ಬೆನ್ನ ಹಿಂದೆ ನಿಂತು ‘ಈಗ ಒತ್ತಿ’ ಅನ್ನಬೇಕು. ಹಾಗೆ ಕಲಿತವರಿಗೆ ಗುರು ಇಲ್ಲದ ದಿನ ಕೈ ಏಳುವುದಿಲ್ಲ. ಕಾರ್ಯಕ್ರಮದ ನಡುವೆ ಪಿಸುಮಾತಿನ ಪಾಠ ನಡೆದರೆ ಅಕ್ಕಪಕ್ಕದವರಿಗೂ ಕಿರಿಕಿರಿ.

ಎರಡನೆಯ ಷರತ್ತು, ತೆಗೆದದ್ದನ್ನೆಲ್ಲ ತೋರಿಸಬೇಕು. ಸೋಸಿ ತಂದ ಹತ್ತು ಚಿತ್ರಗಳಲ್ಲ. ಕಾರ್ಡಿನಲ್ಲಿರುವ ಎಲ್ಲವೂ, ತೆಗೆದ ಕ್ರಮದಲ್ಲೇ, ಕೆಟ್ಟದ್ದೂ ಸೇರಿ. ಎಲ್ಲಿ ನಿಂತರು, ಎಷ್ಟು ಹೊತ್ತು ಅಲ್ಲೇ ಇದ್ದರು, ಯಾವಾಗ ಬೇಸರ ಬಂತು, ಒಳ್ಳೆಯ ಕ್ಷಣಕ್ಕೆ ಅರ್ಧ ಸೆಕೆಂಡು ಮೊದಲು ಏಕೆ ಕ್ಯಾಮೆರಾ ಇಳಿಸಿದರು, ಇವೆಲ್ಲ ಆ ಸಾಲಿನಲ್ಲಿ ಕಾಣುತ್ತವೆ. ಸೋಸಿದ ಹತ್ತರಲ್ಲಿ ಕಾಣುವುದಿಲ್ಲ. ಅದಕ್ಕೇ ಮೊದಲ ಸಂಜೆಗೆ ಮುನ್ನ ಗುರುಗಳು ಹೆಚ್ಚೇನೂ ಹೇಳಲೂ ಇಲ್ಲ.

ಆಯೋಜಕರಿಗೆ ಕೊಟ್ಟ ಪತ್ರ ಒಂದೇ ಪುಟದ್ದು. ಫ್ಲ್ಯಾಶ್ ಬಳಸುವುದಿಲ್ಲ, ವೇದಿಕೆ ಏರುವುದಿಲ್ಲ, ಕಲಾವಿದರು ಬೇಡವೆಂದರೆ ತಕ್ಷಣ ನಿಲ್ಲಿಸುತ್ತೇನೆ, ಗ್ರೀನ್ ರೂಮಿಗೆ ಕೇಳಿಯೇ ಬರುತ್ತೇನೆ, ಚಿತ್ರಗಳನ್ನು ಎಲ್ಲಿ ಬಳಸುತ್ತೇನೆ. ಈ ಐದು ಮಾತುಗಳು ಬರಹದಲ್ಲಿದ್ದರೆ ಬಾಗಿಲಲ್ಲಿ ನಿಂತ ಸ್ವಯಂಸೇವಕರ ಜೊತೆ ವಾದ ಮಾಡುವ ಪ್ರಸಂಗ ಬರುವುದಿಲ್ಲ.

ಮೊದಲ ಸಂಜೆ ಕೆಟ್ಟದ್ದೇಕೆ

ಒಂದು ತಪ್ಪು ಇನ್ನೊಂದನ್ನು ಎಳೆದು ತಂದಿತು. ತಬಲಾ ಸೇರುವ ಮೊದಲಿನ ನಿಧಾನದ ಆಲಾಪದಲ್ಲಿ ಶಟರ್ ಸದ್ದು ಮುಂದಿನ ಸಾಲಿಗೆಲ್ಲ ಕೇಳಿತು. ಚಾಪೆಯ ಮೇಲೆ ಕೂತಿದ್ದ ಧಾರವಾಡ ಕಡೆಯ ಅಜ್ಜಿಯೊಬ್ಬರು ತಿರುಗಿ, “ತಂಗಿ, ಸ್ವಲ್ಪ ತಡಿಯವಾ, ಆಲಾಪ ನಡದದ” ಅಂದರು. ವಿದ್ಯಾರ್ಥಿನಿ ಗಾಬರಿಯಲ್ಲಿ ಕ್ಯಾಮೆರಾವನ್ನು ಪೂರ್ತಿ ಎಲೆಕ್ಟ್ರಾನಿಕ್ ಶಟರಿಗೆ ಹಾಕಿ, ಮುಂದಿನ ಎರಡು ಗಂಟೆ ಹಾಗೇ ತೆಗೆದರು. ಸದ್ದು ನಿಂತಿತು. ಚಿತ್ರಗಳಲ್ಲಿ ಅಡ್ಡಪಟ್ಟಿ ಬಂದವು.

ಕಾರಣ ಇದು. ನಮ್ಮ ವಿದ್ಯುತ್ತು 50 ಹರ್ಟ್ಸಿನದು; ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಬೆಳಕನ್ನು ಏರಿಳಿಸುವ ಡಿಮ್ಮರಿಗೆ ಕಟ್ಟಿದ ಬಣ್ಣದ ಎಲ್‌ಇಡಿಗಳು ಇನ್ನೂ ವೇಗವಾಗಿ ಹೊತ್ತಿ ಆರುತ್ತವೆ. ಕಣ್ಣಿಗೆ ಇದಾವುದೂ ತಿಳಿಯದು. ಎಲೆಕ್ಟ್ರಾನಿಕ್ ಶಟರು ಸೆನ್ಸರನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಇಂಥ ಸಾಧಾರಣ ಕ್ಯಾಮೆರಾಗಳಲ್ಲಿ ಆ ಓದಿಗೆ 1/20 ಸೆಕೆಂಡಿನ ಆಸುಪಾಸು ಬೇಕು. ಅಷ್ಟರಲ್ಲಿ ದೀಪ ಐದು ಸಲ ಏರಿಳಿದಿರುತ್ತದೆ. ಶಟರ್ ವೇಗ 1/320 (ಸೆಕೆಂಡಿನ 320ನೆಯ ಒಂದು ಪಾಲು) ಇಟ್ಟಾಗ ಕೆಲವು ಸಾಲುಗಳಿಗೆ ದೀಪದ ಏರು, ಕೆಲವಕ್ಕೆ ಇಳಿತ ಸಿಕ್ಕಿ ಪಟ್ಟಿ ಮೂಡುತ್ತದೆ. ವೇಗವನ್ನು 1/100ಕ್ಕೋ 1/50ಕ್ಕೋ ಇಳಿಸಿದರೆ ಪ್ರತಿ ಸಾಲಿಗೂ ಪೂರ್ತಿ ಏರಿಳಿತ ದಕ್ಕುವುದರಿಂದ ಪಟ್ಟಿ ಮಾಯ. ಮೆಕ್ಯಾನಿಕಲ್ ಶಟರಿನಲ್ಲೂ 1/320ರಂಥ ವೇಗದಲ್ಲಿ ಒಂದು ಫ್ರೇಮು ಬೆಳಗಿ ಮುಂದಿನದು ಮಂಕಾಗುವುದುಂಟು, ಆದರೆ ಪಟ್ಟಿಯ ಕಾಟ ಅಷ್ಟಿರುವುದಿಲ್ಲ. ಕ್ಯಾಮೆರಾದಲ್ಲಿ ಆ್ಯಂಟಿ-ಫ್ಲಿಕರ್ (ಮಿನುಗನ್ನು ಗಮನಿಸಿ ಶಟರ್ ಬಿಡುವ ಸೌಲಭ್ಯ) ಇದ್ದರೆ ಅದು ಮೆಕ್ಯಾನಿಕಲ್ ಶಟರಿನ ಜೊತೆ 100 ಹರ್ಟ್ಸಿನ ಮಿನುಗಿಗೆ ಒಗ್ಗುತ್ತದೆ. ಬಣ್ಣದ ದೀಪಗಳ ವೇಗದ ಮಿನುಗಿಗೆ ಅದರಿಂದ ಉಪಯೋಗವಿಲ್ಲ.

ಎರಡನೆಯ ದಿನಕ್ಕೆ ಇದರಿಂದ ಹುಟ್ಟಿದ ನಿಯಮ ಸರಳವಾಗಿತ್ತು. ಆಲಾಪ, ನಿಧಾನಗತಿಯ ವಿಲಂಬಿತಕ್ಕೆ ಎಲೆಕ್ಟ್ರಾನಿಕ್ ಶಟರ್, 1/100. ವೇಗದ ದ್ರುತದಲ್ಲಿ ತಬಲಾದ ಸದ್ದೇ ಶಟರ್ ಸದ್ದನ್ನು ಮುಚ್ಚುವುದರಿಂದ ಮೆಕ್ಯಾನಿಕಲ್, 1/250. ಸೌಂಡ್‌ಚೆಕ್ ಹೊತ್ತಿಗೇ ದೀಪಗಳನ್ನೆಲ್ಲ ಹಾಕಿಸಿ 1/50, 1/100, 1/250, 1/320ರಲ್ಲಿ ಒಂದೊಂದು ತೆಗೆದು, ಪರದೆಯಲ್ಲಿ ಹಿಗ್ಗಿಸಿ ನೋಡುವುದು. ವೇದಿಕೆಯ ಹಿಂದೆ ಎಲ್‌ಇಡಿ ಗೋಡೆ ಇದ್ದರೆ ಅದರ ಗೆರೆಗಳು ಯಾವ ಉಪಾಯಕ್ಕೂ ಪೂರ್ತಿ ಬಗ್ಗುವುದಿಲ್ಲ. ಅದು ಬಾರದ ಕೋನ ಹುಡುಕುವುದೇ ವಾಸಿ.

ಎರಡನೆಯ ದೋಷ ಬೆಳಕಿನ ಅಳತೆಯದು. ಜೂಮ್ ಲೆನ್ಸಿನ ಉದ್ದದ ತುದಿಯಲ್ಲಿ ಅಪರ್ಚರ್ ಎಫ್ 5.6. ಎಫ್ 1.8ಕ್ಕೆ ಹೋಲಿಸಿದರೆ ಒಳಬರುವ ಬೆಳಕು ಸುಮಾರು ಹತ್ತನೆಯ ಒಂದು ಪಾಲು. ಕ್ಯಾಮೆರಾ ಆಟೊದಲ್ಲಿತ್ತು; ಕಪ್ಪು ಪರದೆಯನ್ನು ಕಂಡು ಇಡೀ ದೃಶ್ಯ ಕತ್ತಲೆ ಎಂದು ಎಣಿಸಿ ಐಎಸ್‌ಒವನ್ನು (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ವಿಪರೀತ ಏರಿಸಿತು. ಬಿಳಿ ಜುಬ್ಬಾ, ರೇಷ್ಮೆ ಸೀರೆಯ ಜರಿ, ಹಣೆ ಎಲ್ಲ ಸುಣ್ಣ ಬಳಿದಂತಾದವು. ವೇದಿಕೆಯ ಮೇಲಿನ ಬೆಳಕು ಒಂದು ಕಛೇರಿಯ ಉದ್ದಕ್ಕೂ ಹೆಚ್ಚು ಬದಲಾಗುವುದಿಲ್ಲ. ಗಾಯಕರ ಕೆನ್ನೆಯ ಮೇಲೆ ಸ್ಪಾಟ್ ಅಳತೆ (ಆ ಚಿಕ್ಕ ಜಾಗದ ಬೆಳಕಿನದು ಮಾತ್ರ) ತೆಗೆದು ಮ್ಯಾನ್ಯುವಲ್‌ನಲ್ಲಿ ಕಟ್ಟಿಬಿಟ್ಟರೆ ಮುಗಿಯಿತು. ಇಲ್ಲಿ ಅದು 1/100, ಎಫ್ 2.8, ಐಎಸ್‌ಒ 1600 ಆಯಿತು. ಎಫ್ 1.8 ಇದ್ದೂ 2.8 ಏಕೆಂದರೆ, 85 ಮಿ.ಮೀ.ನಲ್ಲಿ ಐದು ಮೀಟರ್ ದೂರದಿಂದ ಎಫ್ 1.8ಕ್ಕೆ ಸ್ಫುಟವಾಗುವ ಆಳ ಒಂದೂಕಾಲು ಅಡಿಯಷ್ಟೇ. ಹಿಂದೆ ತಂಬೂರಿ ಹಿಡಿದ ಶಿಷ್ಯೆ ಪೂರ್ತಿ ಕರಗಿಹೋಗುತ್ತಾಳೆ. ಡಾಕ್ಯುಮೆಂಟರಿಯಲ್ಲಿ ಅವಳು ಬೇಕು. ನೇರಳೆ, ನೀಲಿ ದೀಪ ಮುಖಕ್ಕೆ ಬಿದ್ದಾಗ ಒಂದೇ ಬಣ್ಣದ ಚಾನೆಲ್ ತುಂಬಿ ಚರ್ಮದ ವಿವರವೆಲ್ಲ ಹೋಗುವುದರಿಂದ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲ್ ಕಡ್ಡಾಯ. ಆಯೋಜಕರಿಗೆ ಹೇಳಿ ಮುಂದಿನ ದೀಪಗಳನ್ನು ಬಿಳಿಯಲ್ಲೇ ಇಡಿಸುವುದು ಅದಕ್ಕಿಂತಲೂ ಒಳ್ಳೆಯದು. ಗಾಯಕರಿಗೂ ಅದೇ ಇಷ್ಟ.

ಮೂರನೆಯದು ಕೂತ ಜಾಗ. ಹಿಂದೂಸ್ತಾನಿ ಗಾಯನದ ಖಯಾಲ್ ಕಛೇರಿಯಲ್ಲಿ ಸಾಮಾನ್ಯವಾಗಿ ತಬಲಾದವರು ಗಾಯಕರ ಬಲಕ್ಕೆ, ಹಾರ್ಮೋನಿಯಂನವರು ಎಡಕ್ಕೆ. ಇಬ್ಬರೂ ಗಾಯಕರತ್ತ ವಾಲಿ ಕೂರುತ್ತಾರೆ. ಪ್ರೇಕ್ಷಕರ ಎಡಬದಿಯಿಂದ ತೆಗೆದರೆ ತಬಲಾದವರ ಬೆನ್ನು, ತಲೆಯ ಹಿಂಭಾಗವೇ ಮುಂದೆ. ಅವರ ಮುಖ ಗಾಯಕರ ಜೊತೆ ಸಿಗುವುದು ಬಲಬದಿಯಿಂದ. ಹಾರ್ಮೋನಿಯಂನವರಿಗೆ ಇದರ ತಿರುಗುಮುರುಗು. ವಿದ್ಯಾರ್ಥಿನಿ ಮೂರೂವರೆ ಗಂಟೆ ಎಡಬದಿಯಲ್ಲೇ ಕೂತಿದ್ದರು. ಮೈಕು ಬಾಯಿಗೆ ಅಡ್ಡ ಬಾರದಿರಲು ನಡುವಿನಿಂದ 30–45 ಡಿಗ್ರಿ ಪಕ್ಕಕ್ಕೆ ಸರಿಯಬೇಕು. ಹಾಗೆ ಸರಿದಾಗ ಕಣ್ಣಿಗೆ ಬೀಳುವುದು ಯಾರು, ಮರೆಯಾಗುವುದು ಯಾರು ಎಂದು ಮೊದಲೇ ತಿಳಿದಿರಬೇಕು. ಇದಕ್ಕೆ ಹಣ ಬೇಡ, ಲೆನ್ಸ್ ಬೇಡ.

ಏಕತಾಲದ ಪಾಠ

ನಡುವಿನ ಬೆಳಗ್ಗೆ 1,400 ಫ್ರೇಮುಗಳನ್ನು ಲ್ಯಾಪ್‌ಟಾಪಿನಲ್ಲಿ ಸಾಲಾಗಿ ಓಡಿಸಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಕ್ಯಾಮೆರಾ ಒತ್ತಿದ್ದೆಲ್ಲ ವೇಗದ ಸ್ವರಗಳ ತಾನುಗಳಲ್ಲಿ, ಕೈ ಎತ್ತರಕ್ಕೆ ಹೋದಾಗ. ವಿಲಂಬಿತದ ಅರ್ಧ ಗಂಟೆಯಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ‘ಅಲ್ಲಿ ಏನೂ ನಡೀತಿರಲಿಲ್ಲ ಸರ್’ ಎಂಬುದು ಅವರ ಉತ್ತರ. ಗುರುಗಳು ಕ್ಯಾಮೆರಾ ಬದಿಗಿಡಿಸಿ, ತಮ್ಮಲ್ಲಿದ್ದ ಕಿರಾಣಾ ಶೈಲಿಯ ಧ್ವನಿಮುದ್ರಿಕೆಯೊಂದನ್ನು ಹಾಕಿ ಬೆರಳಿನಲ್ಲಿ ಮಾತ್ರೆ (ತಾಳದ ಒಂದೊಂದು ಎಣಿಕೆ) ಎಣಿಸಲು ಹೇಳಿದರು.

ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರಿಂದ ಕಲಿತು ಈ ಭಾಗದಲ್ಲಿ ಹಾಡಿ ಕಲಿಸಿದ ಕಿರಾಣಾ ಗಾಯನಶೈಲಿ ಒಂದೊಂದೇ ಸ್ವರವನ್ನು ನಿಧಾನವಾಗಿ ಬೆಳೆಸುವಂಥದ್ದು. ವಿಲಂಬಿತ ಏಕತಾಲದಲ್ಲಿ 12 ಮಾತ್ರೆ. ಒಂದು ಮಾತ್ರೆ ನಾಲ್ಕೈದು ಸೆಕೆಂಡು ಎಳೆದರೆ ಒಂದು ಆವರ್ತನ, ಅಂದರೆ ತಾಳದ ಒಂದು ಸುತ್ತು, ಮುಗಿಯಲು ಹತ್ತಿರಹತ್ತಿರ ಒಂದು ನಿಮಿಷ. ಆ ನಿಮಿಷದ ಕೊನೆಗೆ ಗಾಯಕರು ಮುಖಡಾ (ಹಾಡಿನ ಮೊದಲ ತುಣುಕು) ಎತ್ತಿಕೊಂಡು ಮುಂದಿನ ಸುತ್ತಿನ ಮೊದಲ ಮಾತ್ರೆಯಾದ ಸಮ್‌ಗೆ ಬಂದು ಬೀಳುತ್ತಾರೆ. ಕೈ ಇಳಿಯುತ್ತದೆ, ತಬಲಾದವರ ತಲೆ ಆಡುತ್ತದೆ, ಸಭೆಯಿಂದ ‘ವ್ಹಾ’ ಹೊರಡುತ್ತದೆ. ಛಾಯಾಗ್ರಾಹಕರಿಗೆ ಇದರಷ್ಟು ಮುನ್ಸೂಚನೆ ಕೊಟ್ಟು ಬರುವ ಕ್ಷಣ ಬೇರೆಲ್ಲೂ ಸಿಗದು. ಕ್ರಿಕೆಟ್ಟಿನಲ್ಲೂ ಇಲ್ಲ.

ಏಕತಾಲದ ಠೇಕಾ, ಅಂದರೆ ತಬಲಾದವರು ಪ್ರತಿ ಸುತ್ತಿಗೂ ನುಡಿಸುವ ಪಟ್ಟು: ಧಿಂ ಧಿಂ ಧಾಗೆ ತಿರಕಿಟ ತೂ ನಾ ಕತ್ ತಾ ಧಾಗೆ ತಿರಕಿಟ ಧೀ ನಾ. ‘ಧಾಗೆ ತಿರಕಿಟ’ ಕೇಳಿದಾಗ ಕ್ಯಾಮೆರಾ ಕಣ್ಣಿಗೇರಿಸಿ, ಆಮೇಲೆ ಎರಡು ಮಾತ್ರೆ ಉಳಿದಿರುತ್ತದೆ ಎಂದು ಗುರುಗಳು ಹೇಳಿದರೂ ವಿದ್ಯಾರ್ಥಿನಿ ಎರಡು ಆವರ್ತನಗಳಲ್ಲಿ ಎಡವಿದರು. ಏಕೆಂದರೆ ಧಾಗೆ ತಿರಕಿಟ ಎರಡು ಸಲ ಬರುತ್ತದೆ, ಮೂರು-ನಾಲ್ಕನೆಯ ಮಾತ್ರೆಗೊಮ್ಮೆ, ಒಂಬತ್ತು-ಹತ್ತಕ್ಕೊಮ್ಮೆ. ‘ಕತ್ ತಾ’ ಆದಮೇಲೆ ಬರುವುದೇ ಬೇಕಾದದ್ದು. ಕತ್ ಕಿವಿಗೆ ಬಿದ್ದರೆ ಅರ್ಧ ದಾರಿ ಕಳೆದಂತೆ. ತಾಳ ತಿಳಿಯದವರು ಗಾಯಕರ ಮುಖಡಾವನ್ನು ಹಿಡಿದರೂ ಸಾಕು. ಪ್ರತಿ ಸಲವೂ ಅದೇ ಸಾಹಿತ್ಯದ ತುಣುಕು ಸಮ್‌ನತ್ತ ಕರೆದೊಯ್ಯುತ್ತದೆ. ಫೋಕಸನ್ನು ತಿರಕಿಟದಲ್ಲೇ ಹಿಡಿದಿಟ್ಟುಕೊಳ್ಳಬೇಕು. ಸಮ್ ಬಂದಮೇಲೆ ಹುಡುಕಹೊರಟರೆ ಕ್ಯಾಮೆರಾ ಮುಖ ಬಿಟ್ಟು ಮೈಕನ್ನು ಹಿಡಿಯುತ್ತದೆ.

ಇಷ್ಟಾದ ಮೇಲೆ ಗುರುಗಳು ಕೊಟ್ಟ ಕೆಲಸ ವಿಚಿತ್ರದ್ದು. ಮೊದಲ ಎರಡು ಆವರ್ತನ ವೇದಿಕೆಯತ್ತ, ಮೂರನೆಯದರಿಂದ ವೇದಿಕೆಗೆ ಬೆನ್ನು. ಸಮ್ ಯಾವಾಗ ಬರುತ್ತದೆಂದು ಕಿವಿಗೆ ಗೊತ್ತಿರುವಾಗ ಕಣ್ಣು ಅಲ್ಲೇ ಇರಬೇಕಿಲ್ಲ. ಸಮ್ ಬಿದ್ದ ಅರ್ಧ ಸೆಕೆಂಡಿಗೆ ಕೇಳುಗರ ಮುಖದಲ್ಲಿ ಅದು ಮೂಡುತ್ತದೆ. ಎರಡು ಸೆಕೆಂಡಿಗೆ ಮಾಯ. ಅಲ್ಲಿ ಬೆಳಕು ಕಡಿಮೆ, 35 ಮಿ.ಮೀ.ನಲ್ಲಿ 1/50, ಎಫ್ 1.8, ಐಎಸ್‌ಒ 6400. ನಡುದಾರಿಯಲ್ಲಿ ಮಂಡಿಯೂರಿ, ಚಾಪೆಯ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ. ಮ್ಯಾನ್ಯುವಲ್‌ನಲ್ಲಿ ವೇದಿಕೆಗೊಂದು, ಸಭೆಗೊಂದು ಸೆಟ್ಟಿಂಗನ್ನು ಡಯಲ್ಲಿನ ಎರಡು ಕಸ್ಟಮ್ ಜಾಗಗಳಲ್ಲಿ ಉಳಿಸಿಟ್ಟರೆ ತಿರುಗಿದಾಗ ತಡಕಾಡಬೇಕಿಲ್ಲ.

ಎರಡನೆಯ ಸಂಜೆ

ಮಿತಿ 300 ಫ್ರೇಮು, ಅದರಲ್ಲಿ ವೇದಿಕೆಗೆ 100 ಮಾತ್ರ. ಕಾರ್ಯಕ್ರಮ ಐದೂವರೆಗಾದರೂ ನಾಲ್ಕಕ್ಕೇ ಹಾಜರು. ಸರಣಿಗೊಂದು ಪ್ರಶ್ನೆ ಬೇಕೆಂದು ಗುರುಗಳು ಹೇಳಿದ್ದರು. ಆರಿಸಿಕೊಂಡದ್ದು ‘ಪುಣೆಯಲ್ಲಿ ಇದನ್ನು ಕೇಳಲು ಬರುವ ಕನ್ನಡದವರು ಯಾರು’ ಎಂಬುದು. ಪ್ರಶ್ನೆ ಸಿಕ್ಕ ಕೂಡಲೇ ಕ್ಯಾಮೆರಾ ಎಲ್ಲಿ ಹೋಗಬೇಕೆಂಬುದು ಅರ್ಧ ತೀರ್ಮಾನವಾಯಿತು. ಪೆಂಡಾಲಿನ ಹೊರಗೆ ಚಪ್ಪಲಿಗಳ ರಾಶಿ, ಮರಾಠಿಯಲ್ಲಿ ಚಹಾ ಹೇಳಿ ಕನ್ನಡದಲ್ಲಿ ಹರಟುವ ಗುಂಪು, ರಾಗದ ಹೆಸರನ್ನು ಡೈರಿಯಲ್ಲಿ ಬರೆದುಕೊಳ್ಳುವ ನಿವೃತ್ತ ಬ್ಯಾಂಕ್ ನೌಕರರು.

ಗ್ರೀನ್ ರೂಮಿನಲ್ಲಿ ಸಿಕ್ಕದ್ದು ಹತ್ತು ನಿಮಿಷ. ತಂಬೂರಿಯ ಕುದುರೆಯ ಮೇಲೆ ತಂತಿಗಳ ಕೆಳಗೆ ಹತ್ತಿಯ ದಾರ ಸರಿಸಿ ಝೇಂಕಾರ ಕೂಡಿಸುವ ಬೆರಳುಗಳ ಹತ್ತಿರದ ಚಿತ್ರ ಅಲ್ಲಿ ತೆಗೆದದ್ದು. ಶ್ರುತಿ ಕೂಡಿಸುವವರ ಕಿವಿಗೆ ಟಕ್ ಎಂಬ ಸದ್ದೂ ತೊಂದರೆ; ಇಲ್ಲಿ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಬೇರೆ ಬಳಸಬಾರದು. ಸೀರೆ ಸರಿಪಡಿಸಿಕೊಳ್ಳುವ, ಔಷಧಿ ನುಂಗುವ ಹೊತ್ತಿನಲ್ಲಿ ಕ್ಯಾಮೆರಾ ಕೆಳಗೆ.

ತೆರೆದ ಜಾಗದಲ್ಲಿ ಧ್ವನಿವರ್ಧಕಕ್ಕೆ ರಾತ್ರಿ 10ರ ಗಡಿ, 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳದು. ವರ್ಷದ ಕೆಲವೇ ದಿನ ರಾಜ್ಯ ಸರ್ಕಾರ ಅದನ್ನು ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಚಿಕ್ಕ ಉತ್ಸವಗಳು ಅದನ್ನು ನೆಚ್ಚಿಕೊಳ್ಳುವುದಿಲ್ಲ. ಹಾಗಾಗಿ ಕೊನೆಯ ಕಲಾವಿದರ ಸಮಯ ಯಾವಾಗಲೂ ಕುಗ್ಗುತ್ತದೆ, ಎಲ್ಲ 9.45ರ ಮೇಲೆ ಒಟ್ಟಿಗೇ ನಡೆಯುತ್ತದೆ. ಛಾಯಾಗ್ರಾಹಕರು ಬ್ಯಾಗ್ ಕಟ್ಟತೊಡಗುವುದೂ ಅದೇ ಹೊತ್ತಿಗೆ. ಇಲ್ಲಿ ಕೊನೆಗೆ ಗಾಯಕರು ದಾಸರ ಪದವೊಂದನ್ನು ಎತ್ತಿಕೊಂಡರು. ಅಷ್ಟು ಹೊತ್ತು ತಲೆಯಷ್ಟೇ ಆಡಿಸುತ್ತಿದ್ದ ಸಭೆಯ ತುಟಿಗಳೆಲ್ಲ ಆಡತೊಡಗಿದವು. ಸರಣಿಯ ಪ್ರಶ್ನೆಗೆ ಉತ್ತರ ಅಲ್ಲಿತ್ತು, ವಿದ್ಯಾರ್ಥಿನಿ ಆಗಲೇ ಸಭೆಯ ಕಡೆ ಮುಖ ಮಾಡಿದ್ದರು.

ಆಯ್ಕೆ, ಅಡಿಬರಹ, ಹಕ್ಕು

ಮೊದಲ ಸೋಸುವಿಕೆಯಲ್ಲಿ ಉಳಿದ 60 ಚಿತ್ರಗಳನ್ನು ಲ್ಯಾಬಿನಲ್ಲಿ 4×6 ಇಂಚಿನ ಪ್ರಿಂಟು ಮಾಡಿಸಿ ನೆಲದ ಮೇಲೆ ಹರಡಲಾಯಿತು. ಪರದೆಯ ಮೇಲೆ ಚಿತ್ರಗಳು ಒಂದಾದಮೇಲೊಂದು ಬರುತ್ತವೆ. ನೆಲದ ಮೇಲೆ ಒಂದರ ಪಕ್ಕ ಒಂದು. ಒಂದೇ ಮಾತನ್ನು ಎರಡು ಚಿತ್ರ ಹೇಳುತ್ತಿದ್ದರೆ ಒಂದು ಹೊರಗೆ, ಎಷ್ಟೇ ಚೆಂದವಿದ್ದರೂ. ತಾನಿನಲ್ಲಿ ಕೈ ಎತ್ತಿದ ಮೂರು ಒಳ್ಳೆಯ ಚಿತ್ರಗಳಲ್ಲಿ ಉಳಿದದ್ದು ಒಂದೇ, ಅದೂ ಏಳನೆಯ ಜಾಗದಲ್ಲಿ. ಶಾಲು ಹೊದ್ದು ತೂಕಡಿಸುತ್ತಿದ್ದ ಹಿರಿಯರ ಚಿತ್ರ ಎಲ್ಲರಿಗೂ ಹಿಡಿಸಿತ್ತು. ಅವರನ್ನು ಕೇಳಿರಲಿಲ್ಲ, ಮತ್ತೆ ಹುಡುಕಿದಾಗ ಸಿಗಲಿಲ್ಲ, ಅದನ್ನು ಬಿಡಲಾಯಿತು. ಡೈರಿ ಬರೆಯುವವರಿಗೆ ಅಲ್ಲೇ ಚಿತ್ರ ತೋರಿಸಿ ಒಪ್ಪಿಗೆ ಪಡೆದಿದ್ದರಿಂದ ಅದು ಉಳಿಯಿತು.

ಅಡಿಬರಹದಲ್ಲಿ ಸಾಥಿದಾರರ (ತಬಲಾ, ಹಾರ್ಮೋನಿಯಂ, ತಂಬೂರಿಯವರ) ಹೆಸರು ಬಿಟ್ಟುಹೋಗುವುದು ನಮ್ಮ ಪತ್ರಿಕೆಗಳ ಹಳೆಯ ಚಾಳಿ. ತಂಬೂರಿಯವರನ್ನಂತೂ ಯಾರೂ ಕೇಳುವುದಿಲ್ಲ. ಕರಪತ್ರವನ್ನು ನಂಬದೆ ಅವರವರ ಕೈಯಲ್ಲೇ ಹೆಸರನ್ನು ಕನ್ನಡದಲ್ಲಿ ಬರೆಸಿಕೊಳ್ಳುವುದು ಸುರಕ್ಷಿತ. ಫೈಲಿನ ಹೆಸರು ವರ್ಷ, ತಿಂಗಳು, ದಿನದಿಂದ ಆರಂಭವಾಗಲಿ. ಅಡಿಬರಹವನ್ನು ಚಿತ್ರದ ಮೆಟಾಡೇಟಾದೊಳಗೇ ಯೂನಿಕೋಡಿನಲ್ಲಿ ಸೇರಿಸಿ. ಮೊದಲ ಸಂಜೆಯ ರಾ ಫೈಲುಗಳೇ 40 ಜಿಬಿ ಹತ್ತಿರ ಇದ್ದವು. ಎರಡು ಬೇರೆ ಡಿಸ್ಕಿಗೆ ನಕಲಾಗುವವರೆಗೆ ಕಾರ್ಡು ಫಾರ್ಮ್ಯಾಟ್ ಮಾಡಬಾರದು.

ಹಕ್ಕಿನ ಮಾತು ಕೆಲಸಕ್ಕೆ ಮೊದಲೇ ಆಗಬೇಕು. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನಂತೆ ಚಿತ್ರದ ಮೊದಲ ಒಡೆತನ ತೆಗೆದವರದು. ಆದರೆ ಯಾರಾದರೂ ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಒಡೆತನ ತೆಗೆಸಿದವರದಾಗುತ್ತದೆ. ಆಯೋಜಕರು ಪ್ರೀತಿಯಿಂದ ‘ಪೆಟ್ರೋಲಿಗೆ ಇಟ್ಟುಕೊಳ್ಳಿ’ ಎಂದು ಕೊಡುವ ಲಕೋಟೆಯೂ ಮುಂದೆ ಗೊಂದಲಕ್ಕೆ ದಾರಿ. ಇಲ್ಲಿ ಹಣ ಬೇಡವೆಂದು ಹೇಳಿ, ಆಯೋಜಕರು ತಮ್ಮ ಸ್ಮರಣಸಂಚಿಕೆಗೆ ಬಳಸಬಹುದು, ಜಾಹೀರಾತಿಗಲ್ಲ, ಹೆಸರು ಹಾಕಬೇಕು ಎಂದು ಎರಡು ಸಾಲು ಬರೆದುಕೊಳ್ಳಲಾಯಿತು. ಗುರುಗಳಿಗೆ ಈ ಚಿತ್ರಗಳ ಮೇಲೆ ಹಕ್ಕಿಲ್ಲ ಎಂಬುದನ್ನೂ ಬರೆದರು.

18 ಚಿತ್ರ ನೋಡಿದ ಕಾರ್ಯದರ್ಶಿಗಳ ಮೊದಲ ಪ್ರಶ್ನೆ, ಶಾಲು ಹೊದಿಸಿದ ಫೋಟೊ ಎಲ್ಲಿ? ಸನ್ಮಾನ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಅತಿಥಿಗಳ ಸಾಲು ಡಾಕ್ಯುಮೆಂಟರಿ ಸರಣಿಯಲ್ಲಿ ಇರಬೇಕಿಲ್ಲ, ಆದರೆ ಆಯೋಜಕರಿಗೆ ಬೇಕೇ ಬೇಕು. ಅವರೇ ಬಾಗಿಲು ತೆರೆದವರು. ಇದನ್ನು ಗುರುಗಳು ಮೊದಲೇ ಊಹಿಸಿ, ಸನ್ಮಾನಕ್ಕೆಂದು 20 ಫ್ರೇಮು 300ರ ಲೆಕ್ಕದಿಂದ ಹೊರಗಿಡಿಸಿದ್ದರು. ನೇರ ಎದುರಿನಿಂದ, 1/100, ಎಫ್ 4, ಎಲ್ಲರ ಕಣ್ಣು ತೆರೆದಿರುವಂತೆ ಪ್ರತಿಯೊಂದಕ್ಕೂ ನಾಲ್ಕು ಸಲ ಒತ್ತಿ ತೆಗೆದಂಥವು. ಅವು ಬೇರೊಂದು ಫೋಲ್ಡರಿನಲ್ಲಿ ಮರುದಿನವೇ ವಾಟ್ಸ್‌ಆ್ಯಪಿನಲ್ಲಿ ಹೋದವು. ಸರಣಿ ಹದಿನೈದು ದಿನ ಬಿಟ್ಟು.